ಸುತ್ತಿಡಲಾಗದ ನೆಲ

ಮನೆಯ ಮುಂದಿನ ಕೋಣೆ,
ಜೂನ್ ೮, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ಈಗಲೂ ಜೊತೆಯ ನರ್ಸ್ ರಜೆ ಹಾಕಿದಳೆಂದು ಅವಳ ಪಾಳಿಯನ್ನೂ ನೀನೇ ಹೊರುತ್ತಿದ್ದೀಯಾ? ಹಿಮ್ಮಡಿ ನೋವಿಗೆ ಬಿಸಿನೀರಲ್ಲಿ ಕಾಲಿಡಿ ಎಂದು ರೋಗಿಗಳಿಗೆ ಹೇಳುವವಳು ನೀನೂ ಒಮ್ಮೆ ಇಟ್ಟು ನೋಡು. ನಾವು ಚೆನ್ನಾಗಿದ್ದೇವೆ. ಅಮ್ಮನ ಹೊಲಿಗೆ ಯಂತ್ರ ಬೆಳಿಗ್ಗೆಯಿಂದ ಗುರುಗುಟ್ಟುತ್ತಿದೆ. ನಾನು ಅಚ್ಚುಕೂಟದಿಂದ ತಂದ ಕರಡು ತಿದ್ದಿಕೊಂಡು, ನಾಲ್ಕು ಜನರೆದುರು ನಾಲಿಗೆ ಕಚ್ಚಿಕೊಳ್ಳುವ ಅದೇ ನಿನ್ನ ತಮ್ಮನಾಗಿದ್ದೇನೆ. ನಿನ್ನ ಮಗಳು ಚೂಟಿ ಇನ್ನೊಂದು ಹಲ್ಲು ಬೀಳಿಸಿಕೊಂಡು, ಆ ಕಿಂಡಿಯಿಂದಲೇ ರೈಲಿನ ಸೀಟಿ ಊದಲು ಕಲಿತಿದ್ದಾಳೆ. ಪಕ್ಕದ ಮನೆಯವರು ಈಗಾಗಲೇ ಎರಡು ಸಲ ಕಿಟಕಿ ಮುಚ್ಚಿದರು.

ನೀನು ಕಳಿಸಿದ ಹಸಿರು ಪ್ಲಾಸ್ಟಿಕ್ ಹುಲ್ಲುಹಾಸು ತಲುಪಿತು. ಜೊತೆಗೆ ಫೋನಿನಲ್ಲಿ ಹೇಳಿದ ಮಾತೂ ಕಿವಿಯಲ್ಲಿದೆ: "ಅವಳ ಆಟದ ರೈಲಿಗೆ ಹಲಗೆ ಗಿಲಗೆ ಏನೂ ಬೇಡ ಕಣೋ. ಇದನ್ನ ಹಾಸಿ ಮೇಲೆ ಹಳಿ ಜೋಡಿಸು. ಹಾಸ್ಟೆಲಿಗೆ ಹೊರಡೋವಾಗ ಸುತ್ತಿ ಪೆಟ್ಟಿಗೆಗೆ ಹಾಕಿದರಾಯ್ತು." ಬರುವ ತಿಂಗಳು ಅವಳನ್ನು ಹಾಸ್ಟೆಲಿಗೆ ಬಿಡಬೇಕೆಂಬುದು ನಿನ್ನ ತೀರ್ಮಾನ. ಅಮ್ಮನ ಮಂಡಿ ಸವೆದಿದೆ, ನನ್ನ ಬದುಕಿಗೆ ಮಗು ಅಡ್ಡಿಯಾಗಬಾರದು, ಭಾವ ತನ್ನ ದಾರಿ ತಾನು ನೋಡಿಕೊಂಡ ಮೇಲೆ ನಿನಗೆ ಯಾರ ಹಂಗೂ ಬೇಡ. ನಿನ್ನ ಕಾರಣಗಳೆಲ್ಲ ನನಗೆ ಬಾಯಿಪಾಠ. ಆದರೂ ಆ ಹುಲ್ಲುಹಾಸನ್ನು ನಾವು ಬಳಸಲಿಲ್ಲ. ಯಾಕೆಂದು ಹೇಳಲಿಕ್ಕೇ ಕಾಗದ ಹಿಡಿದೆ. ಫೋನಿನಲ್ಲಾದರೆ ಎರಡನೇ ವಾಕ್ಯಕ್ಕೇ ನೀನು ನನ್ನನ್ನು ಮಣ್ಣುಮುಕ್ಕಿಸುತ್ತೀಯ.

ಹಾಸಿ ನೋಡಲಿಲ್ಲ ಎಂದಲ್ಲ. ಹಾಸಿದೆವು. ಹಳಿಗಳು ಹುಲ್ಲಿನ ಮೇಲೆ ಸರಿಯಾಗಿ ಕೂರದೆ ಎದ್ದೆದ್ದು ನಿಂತವು, ತಿರುವಿನಲ್ಲಿ ರೈಲು ಮಗ್ಗುಲಾಗಿ ಮಲಗಿತು. ಚೂಟಿ ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ತಪಾಸಣೆ ಮಾಡಿದಳು. "ಮಾಮಾ, ಎಲ್ಲಾ ಕಡೆ ಒಂದೇ ಥರ ಇದೆ. ಇಳಿಯೋದು ಎಲ್ಲಿ?" ಸಾಹಿತ್ಯದಲ್ಲಿ ಪದವಿ ಪಡೆದ ನಾನು ಹಳಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ. ಹಾಸನ್ನು ಅಮ್ಮ ಯಂತ್ರದ ಕೆಳಗೆ ಹಾಕಿಕೊಂಡಿದ್ದಾಳೆ, ಪಾದಕ್ಕೆ ಹಿತವಂತೆ. ಬೇಜಾರು ಮಾಡಿಕೊಳ್ಳಬೇಡ.

ಆಮೇಲೆ ಬೀದಿ ಕೊನೆಯಲ್ಲಿ ಕಟ್ಟುತ್ತಿರುವ ಮನೆಯವರನ್ನು ಕೇಳಿ ಮರಳು ತಂದೆವು. ಕೇಳಿದ್ದು ಚೂಟಿ, ನಾನು ಹಿಂದೆ ಬಕೆಟ್ ಹಿಡಿದು ನಿಂತಿದ್ದೆ. ಮರಳು ಚಕ್ರಕ್ಕೆ ಸಿಕ್ಕಿ ರೈಲು ಉಬ್ಬಸದವರ ಹಾಗೆ ಏದುಸಿರು ಬಿಟ್ಟಿತು. ಹೊಲಿಯುತ್ತಿದ್ದ ಅಂಗಿಯೊಳಗೂ ಮರಳು ಸಿಕ್ಕಿದ್ದಕ್ಕೆ ಅಮ್ಮ, "ನಾಳೆ ಗಿರಾಕಿ ಮೈ ಕೆರ್ಕೊಂಡು ಬಂದ್ರೆ ನಿಮ್ಮಿಬ್ಬರನ್ನೇ ಮುಂದೆ ನಿಲ್ಲಿಸ್ತೀನಿ" ಎಂದಳು. ಮುಂದಿನ ಆಯ್ಕೆ, ಸೋಸಿದ ಚಹಾದ ಚರಟ. ಉತ್ತ ಹೊಲದ ಬಣ್ಣ ಅಂದರೆ ಅದೇ ಬಣ್ಣ, ಅಕ್ಕಾ! ಆ ಖುಷಿಯಲ್ಲಿ ಪೂರ್ತಿ ಒಣಗಿಸದೆ ಒಂದು ಪ್ಲೈವುಡ್ ಹಲಗೆಗೆ ಅಂಟಿಸಿಬಿಟ್ಟೆವು. ನಾಲ್ಕು ದಿನ ಕಳೆದು ನೋಡಿದರೆ ಹೊಲದ ತುಂಬ ಬೆಳ್ಳಗೆ ನವಿರಾಗಿ ಏನೋ ಎದ್ದಿದೆ. "ಅಜ್ಜೀ, ನಮ್ಮೂರಲ್ಲಿ ಹತ್ತಿ ಬೆಳೆದಿದೆ!" ಎಂದು ಚೂಟಿ ಕುಣಿದಳು. "ಹತ್ತಿ ಅಲ್ಲವೇ ತಾಯೀ, ಬೂಷ್ಟು. ನಿಮ್ಮೂರಿಗೆ ರೋಗ ಬಂದಿದೆ, ಜನರನ್ನ ಖಾಲಿ ಮಾಡಿಸಿ" ಎಂದಳು ಅಮ್ಮ. ಎಲ್ಲವನ್ನೂ ಕೆರೆದು ತೆಗೆದೆವು.

ಈ ಸಲ ಚರಟವನ್ನು ತಾರಸಿಯ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿದೆವು. ಬಡಗಿಯ ಹತ್ತಿರ ಮರದ ಹೊಟ್ಟು ತಂದು, ಬಣ್ಣದ ನೀರಿನಲ್ಲಿ ನೆನೆಸಿ, ಅರ್ಧ ಹಸಿರು, ಅರ್ಧ ಬಿಸಿಲಿಗೆ ಬೆಂದ ಹಳದಿ ಮಾಡಿದೆವು. ಪ್ಲೈವುಡ್ ಹಲಗೆಗೆ ಅಂಟು ಸವರುವುದು ನನ್ನ ಕೆಲಸ, ಹಿಟ್ಟಿನ ಜರಡಿ ಹಿಡಿದು ಉದುರಿಸುವುದು ಅವಳದು. ರಸ್ತೆಗೆ ಅಮ್ಮ ತಾನಾಗಿಯೇ ಬೂದು ಬಣ್ಣದ ಲೈನಿಂಗ್ ಬಟ್ಟೆ ಕತ್ತರಿಸಿ ಕೊಟ್ಟಳು. ಒಣಗಿದ ಮೇಲೆ ಹಲಗೆಯನ್ನು ಮಗುಚಿ ಹಿಂದಿನಿಂದ ಬಡಿದೆವು. ಸಡಿಲ ಇದ್ದದ್ದೆಲ್ಲ ಉದುರಿತು. ಈಗ ಕೈಯಾಡಿಸಿದರೆ ಹೊಲ ಒರಟಾಗಿದೆ, ಹುಲ್ಲು ಮೆತ್ತಗಿದೆ, ರೈಲು ಮುಗ್ಗರಿಸುವುದಿಲ್ಲ. ಒಂದು ಮೂಲೆಯನ್ನು ಮಾತ್ರ ಅವಳು ಬರಿಮರವಾಗಿ ಉಳಿಸಿದ್ದಾಳೆ. ಅಲ್ಲಿ ಏನು ಹಾಕಬೇಕೆಂದು ಅಮ್ಮ ಬಂದು ಆರಿಸಬೇಕಂತೆ. ಅವಳ ಅಮ್ಮ, ನೀನು.

ಈಗ ಸ್ಪಷ್ಟವಾಗಿ ಹೇಳುತ್ತೇನೆ. ಈ ನೆಲವನ್ನು ಸುತ್ತಲಾಗುವುದಿಲ್ಲ, ಮಡಚಲಾಗುವುದಿಲ್ಲ. ಹಲಗೆಯನ್ನು ಕಿಟಕಿಯ ಕೆಳಗೆ ಗೋಡೆಗೆ ಸೇರಿಸಿ ಭದ್ರ ಮಾಡಿದ್ದೇನೆ. ಗೊತ್ತಿದ್ದೇ ಮಾಡಿದ್ದು. ನನ್ನ ಬದುಕಿಗೆ ಅಡ್ಡಿ ಎಂದೆಯಲ್ಲ, ನಾನು ದೂರಿದ್ದೆನೇ? ಕರಡಿನ ಮೇಲೆ ಕಣ್ಣು ಕೂರದ ಸಂಜೆ ಈ ಮಗು ಒಂದು ಜರಡಿ ಹಿಡಿದು ಬಂದು ನಿಂತರೆ ನನಗೆ ಬಾಯಿ ಬರುತ್ತದೆ. ಅಮ್ಮನ ಮಂಡಿಗೆ ಬೇಕಾದದ್ದು ಮುಲಾಮು. ಮೊಮ್ಮಗಳನ್ನು ಕಳಿಸಿದರೆ ಯಾವ ಮಂಡಿಯೂ ವಾಸಿಯಾಗುವುದಿಲ್ಲ, ಅದು ನರ್ಸಾದ ನಿನಗೇ ಗೊತ್ತು. ನೀನು ಹಗಲಿರುಳು ದುಡಿಯುವುದು ಅವಳಿಗಾಗಿಯೇ ಎಂದು ನಾವು ಮೂವರೂ ಬಲ್ಲೆವು. ಆದರೆ ಈ ಒಂದು ವಿಷಯದಲ್ಲಿ ನಿನ್ನದು ತಪ್ಪು, ಅಕ್ಕಾ. ಹುಟ್ಟಿದಾಗಿನಿಂದ ನಿನ್ನ ಮಾತಿಗೆ ಹೂಂ ಅಂದವನು ಈಗ ಊಹೂಂ ಅನ್ನುತ್ತಿದ್ದೇನೆ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಚೂಟಿ ಕಳಿಸಿದ ಸೀಟಿಯನ್ನು ಅಕ್ಷರದಲ್ಲಿ ಹಿಡಿಯಲು ನನ್ನಿಂದಾಗದು.

ನಿನ್ನ ಮಾತು ಕೇಳದ,
ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೇಳಿಬಿಡುತ್ತೇನೆ. ಶುಕ್ರವಾರ ಹಾಸ್ಟೆಲಿನ ವಾರ್ಡನ್ ಫೋನ್ ಮಾಡಿದ್ದರು. ಅಮ್ಮನ ಕೈಗೆ ದಾಟಿಸದೆ ನಾನೇ ಮಾತಾಡಿದೆ. "ಹುಡುಗಿ ಬರೋದಿಲ್ಲ, ಅವಳ ಜಾಗ ಬೇರೆ ಮಗುವಿಗೆ ಕೊಡಿ" ಎಂದೆ. "ನೀವ್ಯಾರು?" ಎಂದರು. "ಅವಳ ಮಾಮ" ಎಂದೆ. ಮಾತು ಬದಲಿಸಲಿಲ್ಲ. ಸರಿ ಎಂದು ಅವರು ಹೆಸರು ಹೊಡೆದುಹಾಕಿದರು. ನಿನ್ನನ್ನು ಕೇಳದೆ ಮಾಡಿದೆ, ಕ್ಷಮೆ ಕೇಳುವುದಿಲ್ಲ. ಬೈಯಬೇಕು ಅನ್ನಿಸಿದರೆ ಫೋನಿನಲ್ಲಿ ಬೇಡ, ರಜೆ ಹಾಕಿ ಬಂದು ಎದುರಿಗೆ ನಿಂತು ಬೈ. ಹಾಸ್ಟೆಲಿಗೆ ಹೋಗುವುದಿಲ್ಲವೆಂದು ಚೂಟಿಗೆ ನಾವಿನ್ನೂ ಹೇಳಿಲ್ಲ. ಅದನ್ನು ನೀನೇ ಹೇಳಬೇಕು.