ಗಾಡಿಗೆ ಬಿದ್ದ ಬೀಗ

ಮಾರ್ಚ್ ೧೪, ಗುರುವಾರ. ಮಗು ಮಲಗಿದೆ, ನನಗೆ ನಿದ್ದೆ ಇಲ್ಲ.

ಆ ಹಳೇ ಮನೆ ಕೊಳ್ಳಲು ನಾಳೆ ಸಹಿ. ಮಹಡಿ ನಮಗೆ, ಕೆಳಮನೆ ಬಾಡಿಗೆಗೆ. ಕಳ್ಳತನಕ್ಕೆ ಹೆಸರಾದ ಬೀದಿ. ಅದಕ್ಕೇ ನಮ್ಮ ಕೈಗೆಟುಕುವ ಬೆಲೆ. ಮೂರು ದಿನದಿಂದ ನಮ್ಮ ಯಜಮಾನರದು ಒಂದೇ ರಾಗ: "ಬಾಡಿಗೆ ಆಸೆಗೆ ಹಾವಿನ ಹುತ್ತಕ್ಕೆ ಕೈ ಹಾಕ್ತೀಯಾ?"

ಇವತ್ತು ಕೊನೆಯ ಸಲ ನೋಡೋಣವೆಂದು ಮಗುವನ್ನು ಎತ್ತಿಕೊಂಡು ಖಾಲಿ ಮಹಡಿಗೆ ಹತ್ತಿದೆ. ನಲ್ಲಿ ತಿರುಗಿಸಿ, ಗೋಡೆ ತಟ್ಟಿ, ಕಿಟಕಿಯ ಚಿಲಕ ಅಲ್ಲಾಡಿಸುವಾಗ ನೆನಪಾಯಿತು: ಮಗುವಿನ ತಳ್ಳುಗಾಡಿಯನ್ನು ಬೀದಿಯಲ್ಲೇ ಬಿಟ್ಟಿದ್ದೇನೆ, ಪರ್ಸ್ ಸಮೇತ! ನಿದ್ದೆಗೆಟ್ಟ ತಲೆ. ಕೆಳಗೆ ಓಡಿದೆ.

ಗಾಡಿ ಅಲ್ಲೇ ಇತ್ತು, ಅದರೊಳಗೆ ಪರ್ಸೂ ಇತ್ತು. ಆದರೆ ಮೆಟ್ಟಿಲ ಕಂಬಿಗೆ ಸರಪಳಿ ಸುತ್ತಿ ಬೀಗ ಜಡಿದಿತ್ತು. ಕೆಳಮನೆಯಲ್ಲಿ ಬಾಡಿಗೆಗಿರುವ ಟೈಲರಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಏನಮ್ಮಾ, ಓದಿದವಳ ಥರ ಕಾಣ್ತೀಯ! ಈ ಬೀದೀಲಿ ಹೀಗಾ ಬಿಟ್ಟು ಹೋಗೋದು? ನಾನು ನೋಡದೇ ಇದ್ರೆ ಇಷ್ಟೊತ್ತಿಗೆ ಗುಜರಿ ಸೇರಿರ್ತಿತ್ತು."

"ಇಲ್ಲಿ ಭಯ ಆಗಲ್ವಾ ಅಕ್ಕಾ?"

"ಹನ್ನೊಂದು ವರ್ಷ ಆಯ್ತು. ಕಳ್ಳರು ಯಾರು ಅಂತ ನಂಗೊತ್ತು, ನಾನು ಯಾರು ಅಂತ ಅವರಿಗೂ ಗೊತ್ತು. ಮನೆ ತಗೋ, ನನ್ನ ಮಾತ್ರ ಬಿಡಿಸ್ಬೇಡ."

ಬಿಡಿಸುವುದೇ? ಆ ಮನೆಯ ಗಟ್ಟಿ ಕಂಬವೇ ಅವರು. ಅವರಿದ್ದರೆ ನನಗೆ ಧೈರ್ಯ. ಸಹಿ ಹಾಕುತ್ತೇನೆ, ಇವರು ಯಾವ ರಾಗವಾದರೂ ಹಾಡಲಿ.

ಈಗ ಪರ್ಸ್ ತೆಗೆದರೆ ಅವರ ಬೀಗದ ಕೀಲಿ! ಗಾಡಿ ಬಿಡಿಸಿಕೊಳ್ಳಲು ಕೊಟ್ಟದ್ದನ್ನು ಹಾಗೇ ಹಾಕಿಕೊಂಡು ಬಂದಿದ್ದೇನೆ. ಆ ಬೀದಿಯಲ್ಲಿ ಇವತ್ತು ಕಳ್ಳತನ ಮಾಡಿದವಳು ನಾನೊಬ್ಬಳೇ ಇರಬೇಕು. ಬೆಳಗ್ಗೆ ಮೊದಲು ಕೀಲಿ ಕೊಟ್ಟು, ಆಮೇಲೆ ಸಹಿ...