ಅಮ್ಮನ ಸೈಕಲ್ಲಿನ ಬೆಲ್

ಪ್ರೀತಿಯ ತಮ್ಮನಿಗೆ,

ಭಾನುವಾರ ಹಳೇ ಸೈಕಲ್ ಕೂಟಕ್ಕೆ ನೀನು ಲಾರಿಯಲ್ಲಿ ಹೇರಿಕೊಂಡು ಬಂದ ಹದಿನಾಲ್ಕು ಸೈಕಲ್ಲುಗಳೂ ಫಳಫಳ ಹೊಳೆಯುತ್ತಿದ್ದವು, ಸುಳ್ಳು ಹೇಳುವುದಿಲ್ಲ. ನನ್ನದು ಒಂದೇ ಒಂದು. ಅಮ್ಮ ನರ್ಸಾಗಿದ್ದಾಗ ಮನೆಮನೆಗೆ ತುಳಿದದ್ದು, ಈಗ ನಾನು ಹೊಲಿಗೆ ಅಂಗಡಿಗೆ ತುಳಿಯುವುದು. "ಅಕ್ಕಾ, ಈ ಗುಜರಿ ತಂದು ನನ್ನ ಮಾನ ಕಳೀಬೇಡ" ಅಂದೆ ನೀನು. ಆಮೇಲೆ ನಿನ್ನವನ್ನು ಕೂಟ ಮುಗಿದ ಮೇಲೆ ತರಲು ಲಾರಿಯವನಿಗೆ ಒಪ್ಪಿಸಿ ಬೇಗ ಹೊರಟುಬಿಟ್ಟೆ.

ಹಾಗಾಗಿ ಕೊನೆಯ ಸ್ಪರ್ಧೆ ನೀನು ನೋಡಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು. ಕೂಟದ ಹಿರಿಯರು ಒಂದೊಂದೇ ಸೈಕಲ್ಲಿನ ಹಿಂದಿನ ಚಕ್ರ ತಿರುಗಿಸುತ್ತಾರೆ. ಸದ್ದು ಕೇಳಿಯೇ ಒಳ್ಳೆಯದನ್ನು ಆರಿಸಬೇಕು. ನಿನ್ನವು ಹದಿನಾಲ್ಕೂ ಕಿರುಗುಟ್ಟಿದವು. ನಮ್ಮದು ತಿರುಗಿದಾಗ ಇಡೀ ಕೂಟ ಕೈ ಎತ್ತಿತು.

"ಇದನ್ನ ದಿನಾ ಯಾರೋ ತುಳೀತಾರೆ ಕಣ್ರೀ" ಅಂದರು ಹಿರಿಯರು.

ನನ್ನ ಪಕ್ಕ ಕೂತಿದ್ದ ಅಮ್ಮ ಕಣ್ಣು ಬಿಡದೆಯೇ "ನಂದೇ ಅದು" ಅಂದಳು.

ಈಗ ಒಂದು ಕೆಲಸ ಮಾಡು. ಹೋದ ವರ್ಷ ನಿನ್ನ ಸೈಕಲ್ಲಿಗೆ ಚೆನ್ನಾಗಿ ಒಪ್ಪುತ್ತದೆ ಅಂತ ನಮ್ಮದರ ಬೆಲ್ ಬಿಚ್ಚಿಕೊಂಡು ಹೋದೆಯಲ್ಲ, ಅದನ್ನು ಈ ವಾರವೇ ಕಳಿಸು. ಮನೆಗೆ ಬರುವಾಗ ಕ್ಯಾರಿಯರ್ ಮೇಲೆ ಕೂತ ಅಮ್ಮ, ಅಡ್ಡ ಬಂದವರಿಗೆಲ್ಲ ಬಾಯಲ್ಲೇ "ಟ್ರಿಣ್ ಟ್ರಿಣ್" ಅಂದು ಅಂದು ಗಂಟಲು ಕಟ್ಟಿಸಿಕೊಂಡಿದ್ದಾಳೆ.

ಇಂತಿ,
ನಿನ್ನ ಗುಜರಿ ಅಕ್ಕ