ಚೆಲುವಿಗೆ ಸಿಕ್ಕ ಭೇಷ್

ತೀರ್ಥರೂಪನಾದ ಅಪ್ಪನ ಪಾದಗಳಿಗೆ, ನಿನ್ನ ಪ್ರೀತಿಯಲ್ಲಿ ನಮ್ಮ ಜಟಕಾ ಕುದುರೆ ಚೆಲುವಿಗಿಂತ ಒಂದು ಮೆಟ್ಟಿಲು ಕೆಳಗಿದ್ದ ಮಗ ನಂಜುಂಡ ಸಾಷ್ಟಾಂಗ ಎರಗಿ ಬರೆಯುವುದೇನೆಂದರೆ...

ಬೆಳಿಗ್ಗೆ ಎದ್ದು ನೀನು ಮೊದಲು ಮಾತಾಡುತ್ತಿದ್ದುದು ಯಾರ ಜೊತೆ, ಜ್ಞಾಪಕವಿದೆಯಾ? ಅವ್ವನ ಜೊತೆ ಅಲ್ಲ. ನನ್ನ ಜೊತೆಯಂತೂ ಅಲ್ಲವೇ ಅಲ್ಲ. ಲಾಯದ ಬಾಗಿಲು ತೆಗೆದು, "ಎದ್ಯೇನವ್ವ ಚೆಲ್ವಿ? ನಿನ್ನಂಥೋಳು ಇಡೀ ಮೈಸೂರಲ್ಲೇ ಇಲ್ಲ ಕಣವ್ವ" ಎನ್ನುತ್ತಿದ್ದೆ. ಅಗ್ರಹಾರ ದಾಟಿ ಏರು ಸಿಕ್ಕಿದರೂ ಚಾವಟಿ ಮುಟ್ಟುತ್ತಿರಲಿಲ್ಲ. "ಭೇಷ್ ಮಗಳೆ, ಭೇಷ್!" ಅಷ್ಟೇ. ಅವಳು ಕಿವಿ ನಿಮಿರಿಸಿ ಹತ್ತಿಬಿಡುತ್ತಿದ್ದಳು. ಹಿಂದೆ ಕೂತ ನನಗೆ ಮೈಯೆಲ್ಲ ಉರಿ.

ನಾನು ಪರೀಕ್ಷೆ ಪಾಸಾದ ದಿನ ಜಟಕಾ ಸ್ಟ್ಯಾಂಡಿನವರೆಲ್ಲ ಹೊಗಳಿದರು. ನೀನು ಮಾತ್ರ, "ಅಯ್ಯೋ, ಈ ದಡ್ಡ ಎಂಗೋ ದಾಟ್ಕೊಂಡ್ಬುಟ್ಟ" ಎಂದೆ. ಹೆತ್ತವರೇ ಹೊಗಳಿದರೆ ಮಕ್ಕಳಿಗೆ ದೃಷ್ಟಿಯಾಗುತ್ತದೆ ಎಂಬ ನಿನ್ನ ಹೆದರಿಕೆಯನ್ನು ಅವ್ವ ವಿವರಿಸಿದಳು. ಹಾಗಾದರೆ ಚೆಲುವಿಗೆ? "ಅವಳ ಕೊರಳಲ್ಲಿ ಕರಿದಾರ, ನಿಂಬೆಹಣ್ಣು ಇಲ್ವೇನೋ!" ಅಷ್ಟೇ ತಾನೇ? ಮಾರನೆಯ ಬೆಳಿಗ್ಗೆ ನಾನೂ ಕರಿದಾರದಲ್ಲಿ ನಿಂಬೆಹಣ್ಣು ಪೋಣಿಸಿ ಕೊರಳಿಗೆ ಹಾಕಿಕೊಂಡು, ಚೆಲುವಿಯ ಪಕ್ಕ ಪರಮ ಗಂಭೀರನಾಗಿ ನಿಂತೆ. ನೀನು ಬಂದೆ. ಮೀಸೆ ಅಲುಗಿತು. ಬಾಯಿ ತೆರೆದೆ, ಇನ್ನೇನು... "ಆ ನಿಂಬೆಹಣ್ಣ ನಿಮ್ಮವ್ವಂಗೆ ಕೊಡು, ಚಿತ್ರಾನ್ನಕ್ಕಾಯ್ತದೆ."

ನೀನು ಕಣ್ಣು ಮುಚ್ಚಿದ ಮೇಲೆ ನಿನ್ನ ಚೆಲುವಿ ಮುಷ್ಕರ ಹೂಡಿದಳು. ನಾನು ಗಾಡಿ ಕಟ್ಟಿದರೆ ಏರಿನ ಬುಡದಲ್ಲೇ ಕಂಬದ ಹಾಗೆ ನಿಲ್ಲುವಳು. ಚಾವಟಿ ತೋರಿಸಿದೆ, ಬೆಲ್ಲ ತೋರಿಸಿದೆ. ಕೂತವರು ಬೈದುಕೊಂಡು ಇಳಿದು ಸಿಟಿ ಬಸ್ಸು ಹತ್ತಿದರು. "ಮಾರ್ಬುಡು ಕಣೋ ನಂಜ. ಅದುಕ್ಕೆ ಹುಲ್ಲು ಹಾಕಿ ನಾವೇನ್ ತಿನ್ನೋದು?" ಎಂದು ಅವ್ವ ಕಣ್ಣೊರೆಸಿಕೊಂಡಳು. ಚೆಲುವಿಗೆ ಬೇಕಾದ ಮಾತು ಯಾವುದೆಂದು ನನಗೆ ಗೊತ್ತಿರಲಿಲ್ಲವೆ? ಆದರೆ ನನಗೇ ಸಿಗದ ಮಾತನ್ನು ನನ್ನ ಬಾಯಿಂದಲೇ ಅವಳಿಗೆ ಕೊಡುವುದೆಂದರೆ... ಯಾವ ನ್ಯಾಯ ಅಪ್ಪಾ?

ಮೊನ್ನೆ ಕೊಳ್ಳುವವನೊಬ್ಬ ಬಂದು, ತುಟಿ ಎತ್ತಿ ಅವಳ ಹಲ್ಲು ನೋಡಿ, "ಕೆಲ್ಸುಕ್ಕೆ ಬಾರದ ಕುದ್ರೆ" ಎಂದ. ನನಗೆ ಎಲ್ಲಿಂದ ರೋಷ ಬಂತೋ! "ಯಾರ್ರೀ ಹೇಳಿದ್ದು? ಇಂಥೋಳು ಇಡೀ ಮೈಸೂರಲ್ಲೇ ಇಲ್ಲ ಕಣ್ರೀ!" ಚೆಲುವಿಯ ಕಿವಿ ನಿಮಿರಿತು. ಅವನನ್ನು ಸಾಗಹಾಕಿ ಗಾಡಿ ಕಟ್ಟಿದೆ. ಏರಿನ ಬುಡದಲ್ಲಿ ಹಲ್ಲು ಕಚ್ಚಿಕೊಂಡು "ಭೇಷ್ ಮಗಳೆ" ಎಂದೆ. ಹತ್ತಿದಳು ಮಹಾರಾಯ್ತಿ! ಅದೇ ಗುಂಗಿನಲ್ಲಿ ಸಂಜೆ ಅವ್ವನ ಸಾರಿಗೂ ಒಂದು ಭೇಷ್ ಹೇಳಿದೆ. "ಜ್ವರ ಬಂದದೇನೋ?" ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಕೇಳದೆಯೇ ಇನ್ನೊಂದು ಸೌಟು ಬಡಿಸಿ, ನೀನು ಹೋದ ಮೇಲೆ ಮೊದಲ ಸಲ ನಕ್ಕಳು.

ಇನ್ನು ನಿನಗೆ ತಲುಪದ ಸುದ್ದಿ. ನಿನ್ನೆ ವಿದ್ಯಾರಣ್ಯಪುರದಿಂದ ಖಾಲಿ ಗಾಡಿಯಲ್ಲಿ ಬರುವಾಗ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಿನ್ನದೇ ದನಿ ತೆಗೆದು, "ಭೇಷ್ ಮಗನೆ ನಂಜ, ಭೇಷ್!" ಎಂದುಕೊಂಡೆ. ಚೆಲುವಿ ನಡುರಸ್ತೆಯಲ್ಲಿ ಗಕ್ಕನೆ ನಿಂತಳು. ಕತ್ತು ತಿರುಗಿಸಿ ನನ್ನನ್ನೇ ದುರುಗುಟ್ಟಿ ನೋಡಿದಳು.

ಹೊಟ್ಟೆಕಿಚ್ಚು, ಅಪ್ಪಾ. ಆ ನೋಟದ ಗುರುತು ನನಗೆ ಚೆನ್ನಾಗಿದೆ.